ಉಕ್ಕಿನ ಹಕ್ಕಿ ಸೆರೆಯಾಗುವುದು ಹೇಗೆ?

ಫೆಬ್ರುವರಿಯ ಬೆಳಗು. ಯಲಹಂಕ ವಾಯುನೆಲೆಯ ಮೇಲೆ ಆಕಾಶ ತೊಳೆದಿಟ್ಟಂತೆ ನೀಲಿ. ಗುಂಪಿನಲ್ಲಿ ಯಾರೋ ‘ಅಗೋ, ಬಂತು!’ ಎಂದು ಕೂಗುತ್ತಾರೆ. ಸಾವಿರಾರು ಕತ್ತುಗಳು ಒಟ್ಟಿಗೆ ಮೇಲೇಳುತ್ತವೆ. ಕ್ಯಾಮೆರಾ ಎತ್ತಿ, ಕಣ್ಣಿಗೊತ್ತಿ, ಗುಂಡಿ ಅದುಮುವಷ್ಟರಲ್ಲಿ ವಿಮಾನ ಮಾಯ. ಎದೆ ನಡುಗಿಸುವ ಸದ್ದು ಮಾತ್ರ ಹಿಂದೆ ಉಳಿದಿರುತ್ತದೆ. ಸಂಜೆ ಮನೆಗೆ ಬಂದು ನೋಡಿದರೆ ಮುನ್ನೂರು ಚಿತ್ರಗಳು. ಅವುಗಳಲ್ಲಿ ಅರ್ಧ ಬರೀ ಆಕಾಶ. ಉಳಿದರ್ಧದಲ್ಲಿ ಮಸುಕಾದ ಒಂದು ಕಪ್ಪು ಚುಕ್ಕೆ. ಅದು ತೇಜಸ್ ವಿಮಾನವೋ, ಹದ್ದೋ ಹೇಳುವಂತಿಲ್ಲ!

1996ರಲ್ಲಿ ಆರಂಭವಾದ ‘ಏರೋ ಇಂಡಿಯಾ’ ಎರಡು ವರ್ಷಕ್ಕೊಮ್ಮೆ ಬೆಂಗಳೂರಿಗೆ ಈ ಹಬ್ಬವನ್ನು ತರುತ್ತದೆ. ಪ್ರತಿ ಸಲವೂ ಹೊಸದಾಗಿ ಕ್ಯಾಮೆರಾ ಕೊಂಡ ಎಷ್ಟೋ ಮಂದಿ ಇಂಥದೇ ನಿರಾಶೆ ಹೊತ್ತು ಮರಳುತ್ತಾರೆ. ತಪ್ಪನ್ನು ಲೆನ್ಸಿನ ಮೇಲೆ ಹೊರಿಸಿ, ಇನ್ನೂ ದುಬಾರಿ ಲೆನ್ಸಿನ ಕನಸು ಕಾಣುತ್ತಾರೆ. ಆದರೆ ತಪ್ಪು ಹೆಚ್ಚಾಗಿ ಇರುವುದು ಕೈಯಲ್ಲಿ. ಅದನ್ನು ತಿದ್ದಿಕೊಳ್ಳಲು ಹಣ ಬೇಕಿಲ್ಲ, ಅಭ್ಯಾಸ ಬೇಕು. 70-300 ಮಿ.ಮೀ.ನ ಸಾಧಾರಣ ಜೂಮ್ ಲೆನ್ಸ್ ಆರಂಭಕ್ಕೆ ಧಾರಾಳವಾಗಿ ಸಾಕು.

ವೇಗದ ಲೆಕ್ಕ

ಗಂಟೆಗೆ 720 ಕಿ.ಮೀ. ವೇಗದಲ್ಲಿ ಹಾರುವ ಜೆಟ್ ವಿಮಾನ ಒಂದು ಸೆಕೆಂಡಿನಲ್ಲಿ 200 ಮೀಟರ್ ಸಾಗುತ್ತದೆ. ಕ್ಯಾಮೆರಾದ ಷಟರ್ ಸೆಕೆಂಡಿನ 250ನೇ ಒಂದು ಭಾಗದಷ್ಟು ಹೊತ್ತು ತೆರೆದಿದ್ದರೂ ಅಷ್ಟರಲ್ಲಿ ವಿಮಾನ 80 ಸೆಂ.ಮೀ. ಮುಂದೆ ಹೋಗಿರುತ್ತದೆ. ಚಿತ್ರ ಕಲಸಿಹೋಗುವುದು ಇದರಿಂದಲೇ. ಷಟರ್ ವೇಗವನ್ನು 1/1000ಕ್ಕೆ ಏರಿಸಿದರೆ ಅದು 20 ಸೆಂ.ಮೀ.ಗೆ, 1/2000ಕ್ಕೆ ಏರಿಸಿದರೆ 10 ಸೆಂ.ಮೀ.ಗೆ ಇಳಿಯುತ್ತದೆ.

ಉಳಿದದ್ದನ್ನು ದೇಹ ನೋಡಿಕೊಳ್ಳಬೇಕು. ಕಾಲುಗಳನ್ನು ಅಗಲಿಸಿ ನಿಲ್ಲಿ. ಮೊಣಕೈಗಳು ಪಕ್ಕೆಗೆ ಒತ್ತಿರಲಿ, ಎಡಗೈ ಲೆನ್ಸನ್ನು ಕೆಳಗಿನಿಂದ ಹೊತ್ತಿರಲಿ. ವಿಮಾನ ದೂರದಲ್ಲಿರುವಾಗಲೇ ಅದನ್ನು ಚೌಕಟ್ಟಿನೊಳಗೆ ತಂದುಕೊಂಡು, ಸೊಂಟದಿಂದ ಮೇಲೆ ಇಡೀ ಮೈಯನ್ನು ಅದರ ಜೊತೆಜೊತೆಗೇ ತಿರುಗಿಸುತ್ತ ಹೋಗಿ. ಗುಂಡಿ ಒತ್ತಿದೊಡನೆ ನಿಂತುಬಿಡುವುದು ಹೊಸಬರ ದೊಡ್ಡ ದೋಷ. ಕ್ಲಿಕ್ಕಿಸಿದ ಮೇಲೂ ಕ್ಯಾಮೆರಾ ಸ್ವಲ್ಪ ದೂರ ವಿಮಾನದೊಡನೆ ಸಾಗಬೇಕು.

ಫೋಕಸ್ ಕೂಡ ಹಾಗೆಯೇ ಬೆನ್ನಟ್ಟುತ್ತಿರಬೇಕು. ಅದಕ್ಕಾಗಿಯೇ ನಿಕಾನ್, ಸೋನಿ ಕ್ಯಾಮೆರಾಗಳಲ್ಲಿ ‘ಎಎಫ್-ಸಿ’, ಕ್ಯಾನನ್‌ನಲ್ಲಿ ‘ಸರ್ವೊ’ ಎಂಬ ವ್ಯವಸ್ಥೆ ಇದೆ. ಒಂದೇ ಬಾರಿಗೆ ಹಲವು ಚಿತ್ರ ತೆಗೆಯುವ ಸೌಲಭ್ಯವನ್ನೂ ಬಳಸಿಕೊಳ್ಳಿ. ಆದರೆ ಗುಂಡಿ ಒತ್ತಿಹಿಡಿದೇ ಇರುವುದು ಬೇಡ. ಕ್ಯಾಮೆರಾ ಆ ರಾಶಿಯನ್ನು ಕಾರ್ಡಿಗೆ ತುಂಬಿಕೊಳ್ಳುತ್ತ ಕುಳಿತಾಗಲೇ ಒಳ್ಳೆಯ ಗಳಿಗೆ ಕಳೆದುಹೋಗಬಹುದು!

ಸ್ಪಷ್ಟ, ಆದರೆ ನಿರ್ಜೀವ

ಹಾಗಾದರೆ ಷಟರ್ ವೇಗ ಹೆಚ್ಚಿದಷ್ಟೂ ಒಳ್ಳೆಯದೇ? ಅಲ್ಲ. ‘ಸಾರಂಗ್’ ತಂಡದ ಧ್ರುವ್ ಹೆಲಿಕಾಪ್ಟರನ್ನೇ ನೋಡಿ. ಅದರ ತಲೆಯ ಮೇಲಿನ ನಾಲ್ಕು ಅಲಗುಗಳು ನಿಮಿಷಕ್ಕೆ ಸುಮಾರು 300 ಸುತ್ತು ತಿರುಗುತ್ತವೆ. 1/1000 ಸೆಕೆಂಡಿನಲ್ಲಿ ಅವು ಎರಡು ಡಿಗ್ರಿಯೂ ಕದಲುವುದಿಲ್ಲ. ಚಿತ್ರದಲ್ಲಿ ಪ್ರತಿ ಬೋಲ್ಟೂ ಸ್ಪಷ್ಟ. ಆದರೆ ಹೆಲಿಕಾಪ್ಟರು ದಾರಕಟ್ಟಿ ತೂಗುಹಾಕಿದ ಆಟಿಕೆಯಂತೆ ಕಾಣುತ್ತದೆ. ವೇಗವನ್ನು 1/125ಕ್ಕೆ ಇಳಿಸಿದರೆ ಅಲಗುಗಳು 14 ಡಿಗ್ರಿಯಷ್ಟು ತಿರುಗಿ, ಬೀಸಣಿಗೆ ಬೀಸಿದಂತೆ ಜೀವ ಬರುತ್ತದೆ. ಪ್ರೊಪೆಲರ್ ಇರುವ ಹಳೆಯ ಡಕೋಟಾದಂಥ ವಿಮಾನಕ್ಕೂ ಇದೇ ಮಾತು. ಇಷ್ಟು ಕಡಿಮೆ ವೇಗದಲ್ಲಿ ಮೈ ಸರಿಯಾಗಿ ತಿರುಗದಿದ್ದರೆ ಹತ್ತರಲ್ಲಿ ಒಂಬತ್ತು ಚಿತ್ರ ಹಾಳು. ಮೊದಲು 1/500ರಲ್ಲಿ ಒಂದೆರಡು ಚಿತ್ರ ಭದ್ರಪಡಿಸಿಕೊಂಡು, ಆಮೇಲೆ ಸಾಹಸಕ್ಕಿಳಿಯುವುದು ಜಾಣತನ.

ಬೆಳಕು, ಬಿಸಿಲು, ದೂಳು

ಬೆಳ್ಳಗೆ ಹೊಳೆಯುವ ಆಕಾಶ ಕ್ಯಾಮೆರಾವನ್ನು ಮೋಸಗೊಳಿಸುತ್ತದೆ. ಬೆಳಕು ಹೆಚ್ಚಾಯಿತೆಂದು ತಿಳಿದು ಅದು ಇಡೀ ಚಿತ್ರವನ್ನು ಕಪ್ಪಾಗಿಸುತ್ತದೆ. ವಿಮಾನದ ಹೊಟ್ಟೆ ಮಸಿಯಾಗುತ್ತದೆ. ಎಕ್ಸ್‌ಪೋಷರನ್ನು ಒಂದು ಸ್ಟಾಪ್‌ವರೆಗೆ ಏರಿಸಿಕೊಂಡರೆ ಬಣ್ಣ, ಗುರುತುಗಳು ಮತ್ತೆ ಕಾಣುತ್ತವೆ. ಸೂರ್ಯ ಬೆನ್ನ ಹಿಂದಿರುವಂತೆ ನಿಲ್ಲುವುದು ಇನ್ನೂ ಲೇಸು.

ಮಧ್ಯಾಹ್ನವಾದರೆ ಇನ್ನೊಂದು ಶತ್ರು ಎದ್ದು ಬರುತ್ತದೆ. ಅದು ಬಿಸಿಲ್ಗುದುರೆ. ಕಾದ ರನ್‌ವೇ ಮೇಲಿನ ಗಾಳಿ ನಡುಗುತ್ತಿರುವಾಗ ಎಂಥ ಲೆನ್ಸಿಗೂ ದೂರದ ವಿಮಾನ ಅಲೆಅಲೆಯಾಗಿಯೇ ಕಾಣುವುದು. ಮೇಲೇರುವ, ಇಳಿಯುವ ಚಿತ್ರಗಳನ್ನು ಬೆಳಿಗ್ಗೆಯೇ ಮುಗಿಸಿ, ಬಿಸಿಲೇರಿದ ಮೇಲೆ ತಲೆಯ ಮೇಲೆ ಹಾದುಹೋಗುವ ವಿಮಾನಗಳತ್ತ ಗಮನ ಕೊಡಿ.

ನೀಲಿ ಆಕಾಶದಲ್ಲಿ ಬೂದುಬಣ್ಣದ ಚುಕ್ಕೆಗಳು ಕಂಡವೇ? ಅವು ಹಕ್ಕಿಗಳಲ್ಲ, ಸೆನ್ಸರಿನ ಮೇಲೆ ಕುಳಿತ ದೂಳು. ಎಫ್/16, ಎಫ್/22ರಲ್ಲಿ ಅವು ಎದ್ದು ಕಾಣುತ್ತವೆ. ಎಫ್/8ರ ಆಸುಪಾಸಿನಲ್ಲಿ ಬಹುಪಾಲು ಮರೆಯಾಗುತ್ತವೆ. ಪ್ರದರ್ಶನದ ಮೈದಾನದಲ್ಲಿ ನಿಂತು ಲೆನ್ಸ್ ಬದಲಿಸದಿದ್ದರೆ ಅರ್ಧ ಕಾಟ ತಪ್ಪಿದಂತೆ.

ಹದ್ದೇ ಗುರು

ಪ್ರದರ್ಶನ ಎರಡು ವರ್ಷಕ್ಕೊಮ್ಮೆ. ಅಲ್ಲಿಯತನಕ ಕಲಿಯುವುದೆಲ್ಲಿ? ಮನೆ ಮುಂದಿನ ರಸ್ತೆಯಲ್ಲಿ! ಓಡುವ ಬಿಎಂಟಿಸಿ ಬಸ್ಸಿನ ಬೋರ್ಡನ್ನು 1/60ರಲ್ಲಿ ಓದುವಂತೆ ಹಿಡಿಯಬಲ್ಲವರ ಕೈ ಪಳಗಿತೆಂದೇ ಲೆಕ್ಕ. ಅದಾದ ಮೇಲೆ ಹದ್ದುಗಳು. ವಿಮಾನಗಳಿಗೆ ಅಡ್ಡ ಬರುತ್ತವೆಂಬ ಭಯದಿಂದ ಏರೋ ಇಂಡಿಯಾ ಹೊತ್ತಿಗೆ ಯಲಹಂಕದ ಸುತ್ತ ಮಾಂಸ ಮಾರಾಟವನ್ನೇ ನಿಲ್ಲಿಸಿದ್ದುಂಟು. ಹವ್ಯಾಸಿಗೆ ಮಾತ್ರ ಅದೇ ಹದ್ದು ಸಂಬಳವಿಲ್ಲದ ಮೇಷ್ಟ್ರು.

ಒಂದು ಎಚ್ಚರಿಕೆ: ಅಭ್ಯಾಸದ ಹುರುಪಿನಲ್ಲಿ ವಾಯುನೆಲೆಗಳ ಬೇಲಿಯ ಬಳಿ ಕ್ಯಾಮೆರಾ ಎತ್ತಬೇಡಿ. ರಕ್ಷಣಾ ಸ್ಥಳಗಳ ಚಿತ್ರ ತೆಗೆಯುವುದು ಅಪರಾಧವಾಗಬಹುದು. ಪ್ರದರ್ಶನದ ದಿನ ಸಾರ್ವಜನಿಕರಿಗೆ ಗೊತ್ತುಮಾಡಿದ ಜಾಗದಲ್ಲಿ ನಿಂತರೆ ಆ ಆತಂಕವಿಲ್ಲ.

ಇಷ್ಟೆಲ್ಲ ಪಾಡು ಯಾತಕ್ಕೆ? ಸೂರ್ಯಕಿರಣ್ ತಂಡದ ಒಂಬತ್ತು ಹಾಕ್ ವಿಮಾನಗಳು ರೆಕ್ಕೆಗೆ ರೆಕ್ಕೆ ತಾಗುವಂತೆ ಬರುವಾಗ ನೆಲದಿಂದ ಕಾಣುವುದು ಬಿಳಿ-ಕೆಂಪು ಗೆರೆಗಳು ಮಾತ್ರ. 2019ರ ಫೆಬ್ರುವರಿ 19ರಂದು, ಏರೋ ಇಂಡಿಯಾದ ಮುನ್ನಾದಿನ, ಇದೇ ಯಲಹಂಕದಲ್ಲಿ ತಾಲೀಮು ನಡೆಸುತ್ತಿದ್ದ ಈ ತಂಡದ ಎರಡು ವಿಮಾನಗಳು ಡಿಕ್ಕಿಯಾದವು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಪ್ರಾಣ ಕಳೆದುಕೊಂಡರು. ಚೆನ್ನಾಗಿ ಬಂದ ಒಂದು ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಗಾಜಿನ ಗೂಡಿನೊಳಗೆ ಪಕ್ಕದ ವಿಮಾನದತ್ತಲೇ ತಿರುಗಿರುವ ಒಂದು ಹೆಲ್ಮೆಟ್ ಕಾಣುತ್ತದೆ. ಅಲ್ಲೊಬ್ಬ ಮನುಷ್ಯನಿದ್ದಾನೆ. ಮಸುಕಾದ ಚುಕ್ಕೆಯಲ್ಲಿ ಅವನು ಕಾಣುವುದಿಲ್ಲ.