ಗ್ರಾಮದ ಜೀವಸಂಪತ್ತಿನ ದಾಖಲೆ

ಗ್ರಾಮದ ಪ್ರತಿಯೊಂದು ಹೊಲಕ್ಕೂ ಸರ್ವೆ ನಂಬರೂ ಪಹಣಿಯೂ ಉಂಟು. ಕೆರೆ, ಗೋಮಾಳ, ಖರಾಬುಗಳ ವಿಸ್ತೀರ್ಣವೂ ಲೆಕ್ಕಪತ್ರಗಳಲ್ಲಿ ನಮೂದಾಗಿದೆ. ಆದರೆ ಆ ಗೋಮಾಳದಲ್ಲಿ ಬೆಳೆಯತಕ್ಕ ಹುಲ್ಲುಗಳಾವುವು, ಆ ಕೆರೆಗೆ ಯಾವ ತಿಂಗಳಲ್ಲಿ ಯಾವ ಹಕ್ಕಿಗಳು ಬರುತ್ತವೆ ಎಂಬುದಕ್ಕೆ ಅನೇಕ ಗ್ರಾಮಗಳಲ್ಲಿ ವೃದ್ಧರ ನೆನಪಲ್ಲದೆ ಬೇರೆ ಆಧಾರವಿಲ್ಲ. ವೃದ್ಧರು ಕಾಲವಾದರೆ ಆ ತಿಳಿವಳಿಕೆಯೂ ಅವರೊಡನೆ ಹೋಗುತ್ತದೆ.

ಈ ನಷ್ಟವನ್ನು ತಡೆಯುವುದಕ್ಕಾಗಿಯೇ 2002ನೆಯ ಇಸವಿಯ ಜೀವವೈವಿಧ್ಯ ಅಧಿನಿಯಮವು ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳನ್ನು ವಿಧಿಸಿತು. ಜನರನ್ನು ವಿಚಾರಿಸಿ ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸುವುದು ಇವುಗಳ ಮುಖ್ಯ ಕೆಲಸ. ಕಚೇರಿಯಲ್ಲಿ ಕುಳಿತು ಭರ್ತಿಮಾಡಿದ ಪುಸ್ತಕದಿಂದ ಪ್ರಯೋಜನವಿಲ್ಲ.

ಇಂತಹ ದಾಖಲೆಯಿಂದ ವ್ಯವಸಾಯಗಾರನಿಗೆ ಲಾಭವೇನೆಂದು ಕೇಳಬಹುದು. ಮಲೆನಾಡಿನ ಹೊಳೆದಂಡೆಗಳಲ್ಲಿ ತಾನಾಗಿ ಬೆಳೆಯುವ ಅಪ್ಪೆಮಿಡಿ ಮಾವನ್ನು ನೋಡಿರಿ. ಮರದಿಂದ ಮರಕ್ಕೆ ಮಿಡಿಯ ಆಕಾರವೂ ಪರಿಮಳವೂ ಬೇರೆ. ಓಟೆಯಿಂದ ಹುಟ್ಟಿದ ಸಸಿಯು ತಾಯಿಮರದ ಗುಣವನ್ನು ಹಾಗೆಯೇ ಪಡೆಯುವುದೆಂಬ ಭರವಸೆಯಿಲ್ಲವಾದ್ದರಿಂದ ಕಸಿಯೇ ಗತಿ. ಉತ್ತಮ ಮರವೊಂದು ಎಲ್ಲಿದೆಯೆಂದು ಬರೆದಿಡದೆ, ಕಸಿಕಡ್ಡಿ ತೆಗೆಯುವ ಮೊದಲೇ ಅದನ್ನು ಕಡಿದರೆ, ಆ ಜಾತಿಯೇ ನಾಶವಾಗಬಹುದು.

ಹೊಸ ಪೀಡೆಗಳ ವಿಷಯವೂ ಹೀಗೆಯೇ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮುಸುಕಿನ ಜೋಳದ ಹೊಲಗಳಲ್ಲಿ ಅಮೆರಿಕಾ ಖಂಡದ ಸೈನಿಕ ಹುಳು ಭಾರತದಲ್ಲಿ ಮೊದಲಬಾರಿಗೆ ಗುರುತಿಸಲ್ಪಟ್ಟಿತು. ತಮ್ಮ ಹೊಲದ ಹಳೆಯ ಹುಳುಗಳನ್ನು ಬಲ್ಲವರು ಮಾತ್ರವೇ ಹೊಸದನ್ನು ಬೇಗನೆ ಕಂಡುಹಿಡಿಯಬಲ್ಲರು. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲನೆಯ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾದದ್ದೂ ಗಮನಾರ್ಹ. ಹಳೆಯ ತೋಪುಗಳೂ ರಕ್ಷಣೆಗೆ ಅರ್ಹವೆಂಬುದಕ್ಕೆ ಅದು ನಿದರ್ಶನ.

ದಾಖಲೆಯ ಕ್ರಮವು ಕಷ್ಟವಾದುದಲ್ಲ. ಹೊಲ, ತೋಟ, ಕೆರೆ, ಹಳ್ಳ, ಗೋಮಾಳ, ದೇವರಕಾಡು ಎಂದು ಸ್ಥಳಗಳನ್ನು ವಿಂಗಡಿಸಿ, ಮಳೆಗಾಲ, ಚಳಿಗಾಲ, ಬೇಸಿಗೆಗಳಲ್ಲಿ ಒಂದೊಂದಾವರ್ತಿ ಸುತ್ತಿಬರಬೇಕು. ಊರಿನ ಹೆಸರು, ದೊರೆತ ಸ್ಥಳ, ಹೂ ಕಾಯಿಗಳ ಕಾಲ, ಉಪಯೋಗ, ಹಿಂದಿಗಿಂತ ಹೆಚ್ಚಿದೆಯೇ ಕಡಿಮೆಯಾಗಿದೆಯೇ ಎಂಬ ಐದು ಅಂಕಣಗಳು ಸಾಕು. ಹುಲ್ಲಿನ ವಿಷಯವನ್ನು ಕುರಿಗಾಹಿಗಳಿಂದಲೂ, ಮೀನಿನ ವಿಷಯವನ್ನು ಬೆಸ್ತರಿಂದಲೂ, ಬೆರಕೆಸೊಪ್ಪು ಮತ್ತು ಬಿತ್ತನೆ ಬೀಜಗಳ ವಿಷಯವನ್ನು ಹೆಂಗಸರಿಂದಲೂ ತಿಳಿಯತಕ್ಕದ್ದು.

ಹೆಸರೊಂದನ್ನೇ ನಂಬಲಾಗದು. ಒಂದೆಲಗವನ್ನೂ ನೀರುಬ್ರಾಹ್ಮಿಯನ್ನೂ ಜನರು ಬ್ರಾಹ್ಮಿಯೆಂದೇ ಕರೆಯುವುದುಂಟು. ಗಿಡಗಳು ಮಾತ್ರ ಬೇರೆ ಬೇರೆ. ಆದಕಾರಣ ಹೂವಿರುವ ರೆಂಬೆಯನ್ನು ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಹರಡಿ, ಮೇಲೆ ಭಾರವಿಟ್ಟು, ಪ್ರತಿದಿನವೂ ಹಾಳೆ ಬದಲಾಯಿಸಿ ಒಣಗಿಸಬೇಕು. ಸ್ಥಳವನ್ನೂ ತಾರೀಖನ್ನೂ ಬರೆದಿಟ್ಟರೆ ಸಸ್ಯಶಾಸ್ತ್ರಜ್ಞರು ಅದನ್ನು ಗುರುತಿಸಿಕೊಡಬಲ್ಲರು.

ಒಂದು ಎಚ್ಚರಿಕೆ ಅವಶ್ಯಕ. ನಾಟಿವೈದ್ಯರು ತಲೆಮಾರುಗಳಿಂದ ಕಾಪಾಡಿದ ಮದ್ದಿನ ಮರ್ಮವನ್ನು ಅವರ ಒಪ್ಪಿಗೆಯಿಲ್ಲದೆ ಬರೆಯಲಾಗದು. ಅದು ಪರರ ಕೈಸೇರಿ ವ್ಯಾಪಾರದ ಸರಕಾದರೆ ನಷ್ಟ ಅವರದೇ.

ಗ್ರಾಮದ ಮುಖಂಡರೂ ಜಮೀನುದಾರರೂ ತಮ್ಮ ಹೊಲದ ಬದುಗಳಿಂದಲೇ ಈ ಕೆಲಸವನ್ನಾರಂಭಿಸಿ, ಶಾಲೆಯ ಮಕ್ಕಳನ್ನೂ ಜೊತೆಗೂಡಿಸಿಕೊಳ್ಳುವುದು ಉಚಿತ. ವರ್ಷಕ್ಕೊಮ್ಮೆ ತಿದ್ದಿ ಬರೆಯುತ್ತ ಬಂದ ದಾಖಲೆಯು ಮುಂದಿನವರಿಗೆ ಜಮೀನಿನಷ್ಟೇ ಬೆಲೆಯುಳ್ಳ ಆಸ್ತಿಯಾದೀತು.