‘ಗುಪ್ತರೋಗ’ ಶಬ್ದವೂ ವೈದ್ಯನ ಪ್ರಶ್ನೆಯೂ

ಸಂಸ್ಕೃತ ಧಾತುಪಾಠದಲ್ಲಿ ‘ಗುಪೂ’ ಧಾತುವಿಗೆ ರಕ್ಷಣವೆಂದೂ, ‘ಗುಹೂ’ ಧಾತುವಿಗೆ ಸಂವರಣ, ಎಂದರೆ ಮುಚ್ಚುವಿಕೆ, ಎಂದೂ ಅರ್ಥನಿರ್ದೇಶವುಂಟು. ‘ಗೋಪ್ತೃ’ ಎಂದರೆ ಕಾಪಾಡುವವನು. ‘ಗುಹೆ’ ಎಂದರೆ ಮರೆಯಾದ ಸ್ಥಳ. ಲೋಕವ್ಯವಹಾರದಲ್ಲಿ ಈ ಎರಡರ್ಥಗಳೂ ಬೆರೆತು, ‘ಗುಪ್ತ’ ಶಬ್ದವು ‘ಮರೆಮಾಡಿದುದು’ ಎಂಬರ್ಥದಲ್ಲಿಯೇ ರೂಢವಾಯಿತು. ಸಂಭೋಗದಿಂದ ಹರಡುವ ವ್ಯಾಧಿಗಳನ್ನು ಕನ್ನಡದಲ್ಲಿ ‘ಗುಪ್ತರೋಗ’ಗಳೆನ್ನುವುದು ಈ ರೂಢಿಯನ್ನನುಸರಿಸಿಯೇ. ಈ ಮರೆಯು ಚಿಕಿತ್ಸೆಗೆ ಎಷ್ಟು ವಿಘ್ನಕರವೆಂಬುದಕ್ಕೆ ಎಚ್.ಐ.ವಿ. ಸೋಂಕುಳ್ಳವರ ಶುಶ್ರೂಷೆಯೇ ನಿದರ್ಶನವಾಗಿದೆ.

ಪೂರ್ವದ ವೈದ್ಯಗ್ರಂಥಕಾರರಿಗೆ ಈ ಸಂಕೋಚವಿರಲಿಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಉಪದಂಶದ ಕಾರಣಗಳು ಸ್ಪಷ್ಟವಾಗಿ ಉಕ್ತವಾಗಿವೆ. ೧೬ನೆಯ ಶತಮಾನದ ಭಾವಮಿಶ್ರನು ಫಿರಂಗರೋಗವನ್ನು ಹೆಸರಿಟ್ಟೇ ವಿವರಿಸಿರುವನು. ವಾಗ್ಭಟನು ರೋಗಿಪರೀಕ್ಷೆಗೆ ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಸಾಧನಗಳನ್ನು ಹೇಳಿರುವನು. ಕಣ್ಣಿಗೂ ಕೈಗೂ ನಿಲುಕದುದು ಪ್ರಶ್ನದಿಂದಲೇ ತಿಳಿಯತಕ್ಕದ್ದು.

ಭಾರತದಲ್ಲಿ ೨೦೦೪ರಿಂದ ಸರ್ಕಾರದ ಎ.ಆರ್.ಟಿ. ಕೇಂದ್ರಗಳಲ್ಲಿ ಈ ಸೋಂಕಿಗೆ ಔಷಧವನ್ನು ಉಚಿತವಾಗಿ ಕೊಡಲಾಗುತ್ತಿದೆ. ರೋಗಿಯು ವರ್ಷಾನುವರ್ಷ ಅಲ್ಲಿಗೆ ಬರುವನು. ತೂಕ, ರಕ್ತ, ಮಾತ್ರೆಗಳ ಲೆಕ್ಕ ಇವೆಲ್ಲವನ್ನೂ ನೋಡಿ ದಾಂಪತ್ಯದ ಮಾತನ್ನು ಬಿಟ್ಟರೆ ಆಗುವ ಹಾನಿ ಅಲ್ಪವಲ್ಲ. ಕ್ರಮವಾದ ಔಷಧಸೇವನೆಯಿಂದ ರಕ್ತದಲ್ಲಿನ ವೈರಾಣು ಪರೀಕ್ಷೆಗೆ ಕಾಣದಷ್ಟು ಕುಗ್ಗಿ ಹಾಗೆಯೇ ಉಳಿದರೆ, ಸಂಭೋಗದಿಂದ ಸಂಗಾತಿಗೆ ಸೋಂಕು ತಗುಲದೆಂಬುದು ೨೦೧೧ರಿಂದ ೨೦೧೯ರವರೆಗೆ ಪ್ರಕಟವಾದ ಅಧ್ಯಯನಗಳಿಂದ ಸಿದ್ಧವಾಗಿದೆ. ಇದನ್ನರಿಯದ ದಂಪತಿಗಳು ಭಯದಿಂದ ದೂರವಿರುವರು. ಸಂತಾನದ ಆಶೆಯನ್ನೂ ತೊರೆಯುವರು. ಮತ್ತೊಂದು ಕಡೆ, ಈ ಔಷಧವು ಫಿರಂಗರೋಗ ಮುಂತಾದ ಅನ್ಯ ಸೋಂಕುಗಳನ್ನು ತಡೆಯಲಾರದು. ಎಚ್.ಐ.ವಿ. ಇರುವ ಸ್ತ್ರೀಯರಿಗೆ ಗರ್ಭಕೊರಳಿನ ಕ್ಯಾನ್ಸರಿನ ಸಂಭವವು ಇತರರಿಗಿಂತ ಸುಮಾರು ೬ ಪಟ್ಟು ಹೆಚ್ಚು. ಬಾಯಿಬಿಟ್ಟು ಕೇಳದಿದ್ದರೆ ಇವೆಲ್ಲವೂ ಮರೆಯಲ್ಲಿಯೇ ಬೆಳೆಯುವುವು.

ಕೇಳುವ ಕ್ರಮವೂ ವಿಚಾರಾರ್ಹವಾದುದು. “ಇಲ್ಲಿಗೆ ಬರುವ ಎಲ್ಲರನ್ನೂ ಕೆಲವು ಮಾತು ಕೇಳುತ್ತೇವೆ, ನಿಮ್ಮನ್ನೂ ಕೇಳಬಹುದೆ? ಇಷ್ಟವಿಲ್ಲದಿದ್ದರೆ ಉತ್ತರ ಹೇಳಬೇಕಾಗಿಲ್ಲ” ಎಂದು ಆರಂಭಿಸಿದರೆ, ತನ್ನೊಬ್ಬನ ಮೇಲೆಯೇ ಶಂಕೆಯೆಂಬ ಭಾವವು ರೋಗಿಗೆ ಬಾರದು. ಸಂಗಾತಿಯು ಗಂಡೋ ಹೆಣ್ಣೋ, ಒಬ್ಬರೋ ಅನೇಕರೋ ಎಂಬುದನ್ನು ಊಹಿಸದೆ ಕೇಳಬೇಕು. ‘ಲೈಂಗಿಕ ಸಂಪರ್ಕ’ವೆಂಬ ಗ್ರಾಂಥಿಕಪದವು ಹಲವರಿಗೆ ತಿಳಿಯದು, ‘ಜೊತೆಗೆ ಮಲಗುವುದು’ ಎಂಬುದು ಸಂದಿಗ್ಧ, ‘ಕೂಡುವುದು’ ಎಂಬ ದೇಶ್ಯಪದವು ಮರ್ಯಾದೆಯನ್ನೂ ಸ್ಪಷ್ಟತೆಯನ್ನೂ ಉಳಿಸಿಕೊಳ್ಳುವುದು. ಇಂತಹ ಪದಗಳನ್ನು ಆಯ್ದುಕೊಡುವುದು ಭಾಷಾಧ್ಯಾಪಕರಿಗೂ ಸೇರಿದ ಕಾರ್ಯ.

ರೋಗಿಯು ಹೇಳಿದ ಮಾತಿಗೆ ಕಾವಲೂ ಅವಶ್ಯ. ೨೦೧೭ರಲ್ಲಿ ಅಂಗೀಕೃತವಾಗಿ ೨೦೧೮ರಲ್ಲಿ ಜಾರಿಗೆ ಬಂದ ಭಾರತದ ಎಚ್.ಐ.ವಿ. ಕಾನೂನು, ಕೆಲವು ನಿರ್ದಿಷ್ಟ ಅಪವಾದಗಳನ್ನುಳಿದು, ರೋಗಿಯ ಸಮ್ಮತಿಯಿಲ್ಲದೆ ಆತನ ಸೋಂಕಿನ ವಿಷಯವನ್ನು ಹೊರಗೆಡಹುವುದನ್ನು ನಿಷೇಧಿಸುತ್ತದೆ. ಆದಕಾರಣ ‘ಗುಪ್ತ’ವೆಂಬ ವಿಶೇಷಣವು ರೋಗಕ್ಕೆ ಸಲ್ಲುವುದಕ್ಕಿಂತ, ವೈದ್ಯನನ್ನು ನಂಬಿ ರೋಗಿಯು ನುಡಿದ ಮಾತಿಗೆ, ಮೂಲ ಧಾತ್ವರ್ಥದಲ್ಲಿಯೇ, ಸಲ್ಲತಕ್ಕದ್ದಾಗಿದೆ.