ಬಸುರಿಯ ಊಟ, ಮಗುವಿನ ರಕ್ತನಾಳ

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಷ್ಟು ಹಿಂದೆಯೇ ಹೆರಿಗೆಯ ವಿವರಗಳನ್ನು ಬರೆದಿಡುತ್ತಿದ್ದರು: ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ, ತಾಯಿಯ ತೂಕ. ಅಲ್ಲಿ 1934 ಮತ್ತು 1954ರ ನಡುವೆ ಹುಟ್ಟಿದ 517 ಮಂದಿಯನ್ನು ಸಂಶೋಧಕರು ದಶಕಗಳ ನಂತರ ಹುಡುಕಿ ಪರೀಕ್ಷಿಸಿದರು. ಫಲಿತಾಂಶ 1996ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಮೀರದವರಲ್ಲಿ ಶೇ. 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆಯಿತ್ತು, 3.1 ಕಿಲೋ ಮೀರಿದವರಲ್ಲಿ ಅದು ಶೇ. 3 ಮಾತ್ರ. ಕೂಸಿನ ತೂಕ ಎರಡೂವರೆ ಕಿಲೋ ಮೀರದೆ, ತಾಯಿಯ ತೂಕವೂ 45 ಕಿಲೋಗಿಂತ ಕಡಿಮೆಯಿದ್ದಲ್ಲಿ ಶೇ. 20.

ಹೀಗೇಕೆ? ಪೋಷಣೆ ಸಾಲದಾದಾಗ ಭ್ರೂಣ ಮೊದಲು ಮೆದುಳನ್ನು ಕಾಪಾಡಿಕೊಳ್ಳುತ್ತದೆ. ಉಳಿದ ಅಂಗಗಳಿಗೆ ರಕ್ತ ಕಡಿಮೆಯಾಗುತ್ತದೆ. ರಕ್ತನಾಳಕ್ಕೆ ಹಿಗ್ಗಿ ಕುಗ್ಗುವ ಗುಣ ಕೊಡುವ ಎಲಾಸ್ಟಿನ್ ಎಂಬ ಪ್ರೋಟೀನು ಹೆಚ್ಚಾಗಿ ತಯಾರಾಗುವುದು ಬಸುರಿನ ಕೊನೆಯ ತಿಂಗಳುಗಳಲ್ಲಿ ಮತ್ತು ಎಳೆಯ ವಯಸ್ಸಿನಲ್ಲಿ. ಆಗ ಕೊರತೆಯಾದರೆ ನಾಳ ಬೇಗ ಗಡುಸಾಗಬಹುದು ಎಂಬುದು ವಿಜ್ಞಾನಿಗಳ ವಿವರಣೆ. ಮೂತ್ರಪಿಂಡದಲ್ಲಿ ರಕ್ತ ಸೋಸುವ ನೆಫ್ರಾನುಗಳ ರಚನೆಯೂ ಸುಮಾರು 36ನೇ ವಾರಕ್ಕೆ ಮುಗಿಯುತ್ತದೆ. ಆಮೇಲೆ ಹೊಸವು ಹುಟ್ಟುವುದಿಲ್ಲ. ಬಸುರಿ ಇಲಿಗಳಿಗೆ ಪ್ರೋಟೀನು ಕಡಿಮೆ ಮಾಡಿದ ಪ್ರಯೋಗಗಳಲ್ಲಿ ಮರಿಗಳ ರಕ್ತದೊತ್ತಡ ಏರಿದ್ದು ಕಂಡಿದೆ.

ತೂಕ ಸರಿಯಿದ್ದರೆ ಸಾಕು ಎನ್ನುವಂತಿಲ್ಲ. ನೆದರ್ಲೆಂಡ್ಸ್‌ನಲ್ಲಿ 1944–45ರ ಕ್ಷಾಮ ಬಸುರಿನ ಮೊದಲ ತಿಂಗಳುಗಳಲ್ಲೇ ಎದುರಾದ ತಾಯಂದಿರ ಮಕ್ಕಳು ಹುಟ್ಟುವಾಗ ಚೆನ್ನಾಗಿಯೇ ತೂಗಿದ್ದರು. ಸುಮಾರು ಐವತ್ತರ ವಯಸ್ಸಿಗೆ ಅವರಲ್ಲೂ ಹೃದ್ರೋಗ ಹೆಚ್ಚಾಗಿತ್ತು.

ಈಗ ನಮ್ಮತ್ತ ನೋಡೋಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ಶೇ. 52 ಮಂದಿಗೆ ರಕ್ತಹೀನತೆ. ತೂಕ ದಾಖಲಾದ ಕೂಸುಗಳಲ್ಲಿ ಶೇ. 18 ಎರಡೂವರೆ ಕಿಲೋಗಿಂತ ಕಡಿಮೆ. ಈ ಮಕ್ಕಳಿಗೆ ನಲವತ್ತೈದು ತುಂಬುವುದು 2065ರ ಸುಮಾರಿಗೆ. ನಡುವೆ ಕರಿದ ತಿಂಡಿ, ಬೊಜ್ಜು, ತಂಬಾಕು ಸೇರಿದರೆ ಹೃದ್ರೋಗದ ಹೊರೆಯನ್ನು ಯಾವ ಸರ್ಕಾರಿ ಆಸ್ಪತ್ರೆಯೂ ಹೊರಲಾರದು.

ಇದು ಹಣೆಬರಹವಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಬಸುರಿ ಇಂದಿಗೂ ಎಲ್ಲರೂ ಉಂಡ ಮೇಲೆ ಉಳಿದ ಅನ್ನ, ತಿಳಿಸಾರಿಗೆ ಕೂರುತ್ತಾಳೆ. ‘ಕೂಸು ದಪ್ಪವಾದರೆ ಹೆರಿಗೆ ಕಷ್ಟ’ ಎಂದು ಊಟಕ್ಕೆ ಕಡಿವಾಣ ಹಾಕುವ ಹಿರಿಯರೂ ಇದ್ದಾರೆ. ಅವಳಿಗೆ ಮೊದಲು ಬಡಿಸಿ. ಬೇಳೆ, ಕಾಳು, ಸೊಪ್ಪು, ಹಾಲು, ಮೊಟ್ಟೆ ತಟ್ಟೆಯಲ್ಲಿರಲಿ. ಅಂಗನವಾಡಿಯ ಮಾತೃಪೂರ್ಣ ಊಟ, ಕಬ್ಬಿಣಾಂಶದ ಮಾತ್ರೆ ತಪ್ಪದಿರಲಿ. ತಾಯಿ ಕಾರ್ಡಿನಲ್ಲಿ ಬರೆದ ತೂಕವನ್ನು ಮನೆಯ ಗಂಡಸರೂ ಓದಲಿ. ಹೆಣ್ಣುಮಕ್ಕಳ ಊಟದ ಕಾಳಜಿ ಮದುವೆಗೆ ಮೊದಲೇ, ಅವರ ಶಾಲೆಯ ದಿನಗಳಲ್ಲೇ ಶುರುವಾಗಬೇಕು.